ಸಣ್ಣ ಕಚೇರಿಗಳಲ್ಲಿ ನೆಟ್‌ವರ್ಕ್ ಡ್ರೈವುಗಳ ದೋಷಪರೀಕ್ಷೆ

ಶಾಸನಗಳ ಪಡಿಯಚ್ಚುಗಳ ಛಾಯಾಚಿತ್ರಗಳು, ಹಸ್ತಪ್ರತಿಗಳ ಪ್ರತಿಬಿಂಬಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು, ಪ್ರೌಢಪ್ರಬಂಧಗಳ ಕರಡುಗಳು ಮೊದಲಾದುವೆಲ್ಲ ಇಂದು ಇತಿಹಾಸ ವಿಭಾಗಗಳಲ್ಲಿ ಕಪಾಟುಗಳಿಂದ ಕಂಪ್ಯೂಟರುಗಳಿಗೆ ಬಂದು ಸೇರಿವೆ. ಐದಾರು ಕಂಪ್ಯೂಟರುಗಳಿರುವ ಸಣ್ಣ ವಿಭಾಗದಲ್ಲಿ ಅವುಗಳ ಪೈಕಿ ಒಂದನ್ನು ಎಲ್ಲರಿಗೂ ಸಮಾನವಾದ ಭಂಡಾರವನ್ನಾಗಿ ಇರಿಸಿಕೊಂಡು, ಉಳಿದವುಗಳಿಂದ ಅದನ್ನು ತೆರೆದು ನೋಡುವ ಏರ್ಪಾಡು ಸಾಮಾನ್ಯವಾಗಿ ರೂಢಿಯಲ್ಲಿದೆ. ಆ ಭಂಡಾರವು ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿಯೂ 'ಎಸ್' ಎಂದೋ 'ಝಡ್' ಎಂದೋ ಒಂದು ಅಕ್ಷರವನ್ನು ಧರಿಸಿ, ಆ ಯಂತ್ರದೊಳಗಿನದೇ ಒಂದು ಡಿಸ್ಕೆಂಬಂತೆ ಕಾಣಿಸಿಕೊಳ್ಳುತ್ತದೆ. ಇದನ್ನೇ ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವು ಎಂದು ಕರೆಯುವರು.

ಈ ಏರ್ಪಾಡು ಸರಿಯಾಗಿ ನಡೆಯುತ್ತಿರುವವರೆಗೆ ಅದರ ಇರವೇ ನಮ್ಮ ಗಮನಕ್ಕೆ ಬರುವುದಿಲ್ಲ. ಒಂದು ದಿನ ಬೆಳಗ್ಗೆ ಆ ಅಕ್ಷರದ ಮೇಲೆ ಕೆಂಪು ಗುರುತು ಮೂಡಿ, ಫೋಲ್ಡರು ತೆರೆಯದೆ ಹೋದಾಗ ಮಾತ್ರ ವಿಭಾಗವೆಲ್ಲ ಕಳವಳಗೊಳ್ಳುತ್ತದೆ. ಆಗ ನಡೆಯುವ ಆತುರದ ಕ್ರಿಯೆಗಳಿಂದ ಆಗುವ ಹಾನಿಯು ಮೂಲದೋಷದಿಂದಾದ ಹಾನಿಗಿಂತ ಎಷ್ಟೋ ಪಾಲು ಹೆಚ್ಚಿನದೆಂಬುದು ನಮ್ಮ ಅನುಭವ. ಆದುದರಿಂದ ಇಂಥ ದೋಷಗಳ ಕಾರಣಗಳನ್ನೂ, ಅವನ್ನು ಕ್ರಮವಾಗಿ ಪರೀಕ್ಷಿಸುವ ವಿಧಾನವನ್ನೂ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ನಾವು ಯಂತ್ರಶಾಸ್ತ್ರದಲ್ಲಿ ಪರಿಣತರಲ್ಲ. ಆದರೆ ಆಧಾರಗಳನ್ನು ಒಂದೊಂದಾಗಿ ಪರಿಶೀಲಿಸಿ ನಿರ್ಣಯಕ್ಕೆ ಬರುವ ಅಭ್ಯಾಸವುಳ್ಳ ಯಾರಿಗೇ ಆಗಲಿ ಈ ಪರೀಕ್ಷೆ ಅಸಾಧ್ಯವಾದುದಲ್ಲ. ಚರ್ಚೆಯನ್ನು ವಿಂಡೋಸ್ ವ್ಯವಸ್ಥೆಯಿರುವ ಕಂಪ್ಯೂಟರುಗಳಿಗೆ ಸೀಮಿತಗೊಳಿಸಿದ್ದೇವೆ.

೧. ಡ್ರೈವಿನ ಅಕ್ಷರ ಮತ್ತು ಅದರ ಪೂರ್ವವೃತ್ತ

ಡಿಸ್ಕುಗಳನ್ನು ಅಕ್ಷರಗಳಿಂದ ಕರೆಯುವ ಪದ್ಧತಿ ಇಂದಿನದಲ್ಲ. ಅಮೆರಿಕದ ಗ್ಯಾರಿ ಕಿಲ್ಡಾಲ್ ಎಂಬವರು ೧೯೭೪ರಲ್ಲಿ ರಚಿಸಿದ ಸಿಪಿ/ಎಂ ಎಂಬ ಕಾರ್ಯವ್ಯವಸ್ಥೆಯಲ್ಲಿ ಈ ಪದ್ಧತಿಯಿದ್ದಿತು. ೧೯೮೧ರಲ್ಲಿ ಹೊರಬಂದ ಐಬಿಎಂ ಕಂಪ್ಯೂಟರಿನ ಡಾಸ್ ವ್ಯವಸ್ಥೆಯು ಅದನ್ನೇ ಅನುಸರಿಸಿತು. 'ಎ', 'ಬಿ' ಎಂಬ ಅಕ್ಷರಗಳು ಫ್ಲಾಪಿಗಳಿಗೆ ಸಂದುವು. ೧೯೮೩ರಲ್ಲಿ ಬಂದ ಎಕ್ಸ್‌ಟಿ ಮಾದರಿಯ ಯಂತ್ರದೊಳಗಣ ಸ್ಥಿರ ಡಿಸ್ಕಿಗೆ 'ಸಿ' ಎಂಬ ಹೆಸರಾಯಿತು. ಫ್ಲಾಪಿಗಳು ಬಳಕೆಯಿಂದ ಮರೆಯಾಗಿ ಬಹುಕಾಲ ಕಳೆದಿದ್ದರೂ ನಮ್ಮ ಮುಖ್ಯ ಡಿಸ್ಕು ಇಂದಿಗೂ 'ಸಿ' ಎನಿಸಿಕೊಂಡೇ ಇದೆ. ಊರು ಅಳಿದರೂ ಊರಿನ ಹೆಸರು ಹೊಲಗದ್ದೆಗಳಿಗೆ ಅಂಟಿಕೊಂಡು ಉಳಿಯುವುದನ್ನು ಸ್ಥಳನಾಮಗಳ ಅಭ್ಯಾಸಿಗಳು ಬಲ್ಲರು.

ಕಂಪ್ಯೂಟರುಗಳನ್ನು ಒಂದು ಜಾಲದಲ್ಲಿ ಕೂಡಿಸುವುದು ಸಾಧ್ಯವಾದಾಗ, ದೂರದ ಫೋಲ್ಡರಿಗೂ ಇಂಥದೇ ಅಕ್ಷರವನ್ನು ಕೊಟ್ಟರೆ ಬಳಸುವವರಿಗೆ ಹೊಸ ಅಭ್ಯಾಸದ ತೊಂದರೆಯಿರದೆಂಬ ಉಪಾಯ ಹೊಳೆಯಿತು. ಉಪಾಯವೇನೋ ಒಳ್ಳೆಯದೇ. ಆದರೆ ಅದರಿಂದ ಒಂದು ಭ್ರಾಂತಿಯೂ ಹುಟ್ಟಿತು. 'ಸಿ' ಎಂಬುದು ನಮ್ಮ ಮೇಜಿನ ಯಂತ್ರದೊಳಗೆ ವಾಸ್ತವವಾಗಿ ಇರುವ ಸ್ಥಳ. 'ಝಡ್' ಎಂಬುದಾದರೋ ಸ್ಥಳವೇ ಅಲ್ಲ; ಬೇರೊಂದು ಕಂಪ್ಯೂಟರಿನಲ್ಲಿರುವ ಸ್ಥಳಕ್ಕೆ ಹೋಗುವ ದಾರಿಗೆ ನಾವಿಟ್ಟುಕೊಂಡ ಸಂಕ್ಷೇಪನಾಮ. ನಿಜವಾದ ವಿಳಾಸವು ಎರಡು ಓರೆಗೆರೆಗಳಿಂದ ಮೊದಲಾಗಿ, ಸರ್ವರಿನ ಹೆಸರನ್ನೂ ಹಂಚಿಕೊಂಡ ಫೋಲ್ಡರಿನ ಹೆಸರನ್ನೂ ಒಳಗೊಂಡು, \\ಸರ್ವರು\ಶಾಸನಗಳು ಎಂಬ ರೂಪದಲ್ಲಿರುತ್ತದೆ. ಇವೆರಡರ ವ್ಯತ್ಯಾಸವು ಮನಸ್ಸಿನಲ್ಲಿ ನೆಲೆಗೊಂಡರೆ ಅರ್ಧ ಕಳವಳವು ಅಲ್ಲಿಗೇ ಶಮನವಾಗುವುದು. ಕೆಂಪು ಗುರುತು ಕಂಡಾಗ ಸಾಮಾನ್ಯವಾಗಿ ತಪ್ಪಿರತಕ್ಕದ್ದು ದಾರಿ. ವಸ್ತುವು ತಾನಿದ್ದಲ್ಲಿಯೇ ಇರುತ್ತದೆ.

೨. ಸಂಪರ್ಕದ ಕೊಂಡಿಗಳು

ಮೇಜಿನ ಮುಂದೆ ಕುಳಿತವರಿಂದ ದೂರದ ಫೈಲಿನವರೆಗೆ ಆರು ಕೊಂಡಿಗಳುಳ್ಳ ಒಂದು ಸರಪಣಿಯನ್ನು ನಾವು ಕಲ್ಪಿಸಿಕೊಳ್ಳಬಹುದು. ಮೊದಲನೆಯದು, ಭಂಡಾರವಿರುವ ಕಂಪ್ಯೂಟರು ಎಚ್ಚರವಾಗಿರುವುದು. ಎರಡನೆಯದು, ಕೇಬಲು, ವೈಫೈ, ರೂಟರುಗಳ ಮೂಲಕ ಎರಡೂ ಯಂತ್ರಗಳು ಒಂದೇ ಜಾಲದಲ್ಲಿರುವುದು. ಮೂರನೆಯದು, ಸರ್ವರಿನ ಹೆಸರು ಅದರ ಸರಿಯಾದ ಸಂಖ್ಯಾವಿಳಾಸಕ್ಕೆ ಹೊಂದಿಕೊಳ್ಳುವುದು. ನಾಲ್ಕನೆಯದು, ಫೈಲುಗಳನ್ನು ಹಂಚುವ ಸೇವೆಯು ಅಲ್ಲಿ ನಡೆಯುತ್ತಿದ್ದು ಅದರ ಬಾಗಿಲು ತೆರೆದಿರುವುದು. ಈ ಬಾಗಿಲಿಗೆ ೪೪೫ ಎಂಬ ಸಂಖ್ಯೆಯಿದೆ. ಐದನೆಯದು, ಬಂದವರು ಯಾರೆಂಬುದನ್ನು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡುಗಳಿಂದ ಸರ್ವರು ಗುರುತಿಸುವುದು. ಆರನೆಯದು, ಗುರುತಿಸಿದ ಮೇಲೆ ಆ ಫೋಲ್ಡರನ್ನು ತೆರೆಯುವ ಅಥವಾ ತಿದ್ದುವ ಅಧಿಕಾರ ಅವರಿಗಿರುವುದು.

ಇವುಗಳಲ್ಲಿ ಯಾವುದೊಂದು ಕಳಚಿದರೂ ಮೇಜಿನ ಮುಂದಿರುವವರಿಗೆ ಕಾಣುವುದು ಡ್ರೈವು ತೆರೆಯಲಿಲ್ಲವೆಂಬ ಒಂದೇ ಫಲ. ಒಂದೇ ಫಲಕ್ಕೆ ಆರು ಕಾರಣಗಳಿರುವುದರಿಂದಲೇ ಊಹೆಯಿಂದ ಮಾಡುವ ಚಿಕಿತ್ಸೆ ನಿಷ್ಫಲವಾಗುತ್ತದೆ. ಪಾಸ್‌ವರ್ಡಿನ ದೋಷಕ್ಕೆ ಕೇಬಲನ್ನು ಬದಲಿಸುವುದು, ಕೇಬಲಿನ ದೋಷಕ್ಕೆ ವಿಂಡೋಸನ್ನೇ ಹೊಸದಾಗಿ ಸ್ಥಾಪಿಸುವುದು ಮುಂತಾದ ವ್ಯರ್ಥಪ್ರಯಾಸಗಳು ಇದರಿಂದ ಉಂಟಾದುವೇ.

೩. ಪರೀಕ್ಷೆಯ ಕ್ರಮ

ಮೊತ್ತಮೊದಲು ಕೇಳಬೇಕಾದ ಪ್ರಶ್ನೆಯೆಂದರೆ, ತೊಂದರೆಯು ಒಬ್ಬರಿಗೋ ಎಲ್ಲರಿಗೋ ಎಂಬುದು. ಪಕ್ಕದ ಮೇಜಿನಲ್ಲಿ ಅದೇ ಡ್ರೈವು ತೆರೆಯುತ್ತಿದ್ದರೆ ದೋಷವು ಬಹುಮಟ್ಟಿಗೆ ನಮ್ಮ ಕಂಪ್ಯೂಟರಿಗೆ ಅಥವಾ ನಮ್ಮ ಹೆಸರಿಗೆ ಸಂಬಂಧಿಸಿದ್ದು. ಯಾರಿಗೂ ತೆರೆಯದಿದ್ದರೆ ಸರ್ವರನ್ನೂ ರೂಟರನ್ನೂ ನೋಡಬೇಕು. ಸಣ್ಣ ಕಚೇರಿಗಳಲ್ಲಿ ಸರ್ವರೆನಿಸಿಕೊಳ್ಳುವುದು ಅನೇಕ ವೇಳೆ ಸಾಧಾರಣ ಮೇಜಿನ ಕಂಪ್ಯೂಟರೇ ಆಗಿರುವುದರಿಂದ, ಬಳಸುವವರಿಲ್ಲದಾಗ ಅದು ತಾನಾಗಿ ನಿದ್ರಾಸ್ಥಿತಿಗೆ ಜಾರುವುದುಂಟು. ಅದರ ವಿದ್ಯುತ್ ಸಂಬಂಧವಾದ ಏರ್ಪಾಡಿನಲ್ಲಿ ನಿದ್ರೆಯನ್ನು ನಿಷೇಧಿಸಿದ ಮಾತ್ರಕ್ಕೆ ಎಷ್ಟೋ ಕಚೇರಿಗಳ ತೊಂದರೆ ನೀಗುವುದು.

ಎರಡನೆಯದಾಗಿ, ಇರುವ ಸಂಪರ್ಕದ ವಿವರಗಳನ್ನು ಬರೆದಿಟ್ಟುಕೊಳ್ಳಬೇಕು. ಆಜ್ಞಾಫಲಕದಲ್ಲಿ 'ನೆಟ್ ಯೂಸ್' ಎಂಬ ಆಜ್ಞೆಯನ್ನು ಕೊಟ್ಟರೆ ಪ್ರತಿಯೊಂದು ಅಕ್ಷರವೂ ಯಾವ ವಿಳಾಸಕ್ಕೆ ಸೇರಿದುದು, ಅದರ ಈಗಿನ ಸ್ಥಿತಿಯೇನು ಎಂಬುದು ಒಂದು ಪಟ್ಟಿಯಾಗಿ ತೋರುವುದು. ಈ ಪಟ್ಟಿಯನ್ನು ಬರೆದುಕೊಳ್ಳದೆ ಡ್ರೈವನ್ನು ಅಳಿಸಿಹಾಕುವುದು, ಕಲ್ಲು ಯಾವ ಊರಿನ ಯಾವ ದೇಗುಲದ ಮುಂದಿದ್ದಿತೆಂಬುದನ್ನು ಗುರುತು ಹಾಕಿಕೊಳ್ಳದೆ ಶಾಸನವನ್ನು ಸ್ಥಳಾಂತರಿಸಿದಂತೆಯೇ ಸರಿ.

ಮೂರನೆಯದಾಗಿ, ಅಕ್ಷರವನ್ನು ಬದಿಗಿರಿಸಿ ಪೂರ್ಣ ವಿಳಾಸವನ್ನೇ ಟೈಪು ಮಾಡಿ ನೋಡಬೇಕು. ಹಾಗೆ ಮಾಡಿದಾಗ ಫೋಲ್ಡರು ತೆರೆದರೆ ಆರು ಕೊಂಡಿಗಳೂ ಸರಿಯಾಗಿವೆಯೆಂದೂ, ಅಕ್ಷರದ ನಂಟು ಮಾತ್ರ ಕೆಟ್ಟಿದೆಯೆಂದೂ ಒಂದೇ ಪರೀಕ್ಷೆಯಿಂದ ಸಿದ್ಧವಾಗುವುದು. ಅಕ್ಷರವನ್ನು ಕಳಚಿ ಮತ್ತೆ ಜೋಡಿಸಿದರೆ ಸಾಕು.

ಪೂರ್ಣ ವಿಳಾಸವೂ ತೆರೆಯದಿದ್ದರೆ ಸರ್ವರನ್ನು ಅದರ ಹೆಸರಿನಿಂದ ಕರೆಯುವುದಕ್ಕೂ ಸಂಖ್ಯೆಯಿಂದ ಕರೆಯುವುದಕ್ಕೂ ವ್ಯತ್ಯಾಸವಿದೆಯೇ ಎಂದು ನೋಡುವುದು ನಾಲ್ಕನೆಯ ಹಂತ. ಜಾಲದಲ್ಲಿನ ಪ್ರತಿಯೊಂದು ಯಂತ್ರಕ್ಕೂ ೧೯೨.೧೬೮.೧.೧೦ ಎಂಬಂತಹ ಸಂಖ್ಯೆಯೊಂದಿರುತ್ತದೆ. ಸಂಖ್ಯೆಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ ದೋಷವು ಮೂರನೆಯ ಕೊಂಡಿಯಲ್ಲಿದೆ. 'ಪಿಂಗ್' ಎಂಬ ಆಜ್ಞೆಯಿಂದ ಇದನ್ನು ನೋಡಬಹುದಾದರೂ ಒಂದು ಎಚ್ಚರಿಕೆ ಅವಶ್ಯ. ಕಾವಲಿನ ತಂತ್ರಾಂಶವು, ಎಂದರೆ ಫೈರ್‌ವಾಲು, ಪಿಂಗಿಗೆ ಉತ್ತರ ಕೊಡದಂತೆ ತಡೆಯುವುದುಂಟು. ಆದುದರಿಂದ ಉತ್ತರ ಬಂದರೆ ಯಂತ್ರವು ಇದೆಯೆಂಬುದಕ್ಕೆ ಪ್ರಮಾಣವಾದೀತೇ ಹೊರತು, ಬಾರದಿದ್ದರೆ ಇಲ್ಲವೆಂಬುದಕ್ಕೆ ಪ್ರಮಾಣವಾಗಲಾರದು. ಆಧಾರದ ಅಭಾವವನ್ನು ಅಭಾವದ ಆಧಾರವೆಂದು ಎಣಿಸಬಾರದೆಂಬ ನಮ್ಮ ಶಾಸ್ತ್ರದ ನಿಯಮವು ಇಲ್ಲಿಯೂ ಅನ್ವಯಿಸುತ್ತದೆ.

ಐದನೆಯದಾಗಿ, ಕಂಪ್ಯೂಟರು ತೋರಿಸುವ ದೋಷಸಂಖ್ಯೆಯನ್ನು ಓದಬೇಕು. ಇದನ್ನು ಓದದೆಯೇ ಮುಚ್ಚಿಬಿಡುವುದು ಎಲ್ಲೆಡೆಯೂ ಕಾಣುವ ಅಭ್ಯಾಸ. ೫೩ ಎಂಬ ಸಂಖ್ಯೆ ಬಂದರೆ ಸರ್ವರಿನವರೆಗೆ ದಾರಿಯೇ ದೊರೆಯಲಿಲ್ಲವೆಂದು ಅರ್ಥ. ಮೊದಲ ನಾಲ್ಕು ಕೊಂಡಿಗಳನ್ನು ನೋಡಬೇಕು. ೬೭ ಬಂದರೆ ಸಾಮಾನ್ಯವಾಗಿ ಹಂಚಿಕೊಂಡ ಫೋಲ್ಡರಿನ ಹೆಸರಿನಲ್ಲಿ ತಪ್ಪಿದೆ, ಅಥವಾ ಯಾರೋ ಆ ಹೆಸರನ್ನು ಬದಲಿಸಿದ್ದಾರೆ. ೮೬ ಮತ್ತು ೧೩೨೬ ಗುರುತಿನ ದೋಷವನ್ನು ಹೇಳುತ್ತವೆ. ೫ ಎಂದರೆ ಅಧಿಕಾರವಿಲ್ಲ. ೮೫ ಎಂದರೆ ಆ ಅಕ್ಷರವು ಈಗಾಗಲೇ ಬೇರೊಂದಕ್ಕೆ ಸಂದಿದೆ. ೧೨೧೯ ಎಂಬುದರ ವಿಷಯವನ್ನು ಮುಂದೆ ಹೇಳುವೆವು. ಹೀಗೆ ಈ ಸಂಖ್ಯೆಗಳು ಕೆಟ್ಟ ಕೊಂಡಿಯನ್ನು ತಾವಾಗಿಯೇ ಬೆರಳಿಟ್ಟು ತೋರಿಸುತ್ತವೆ.

೪. ದೋಷಗಳ ಕೆಲವು ವಿಧಗಳು

ಕೆಂಪು ಗುರುತಿದ್ದರೂ ದೋಷವಿಲ್ಲದ ಪ್ರಸಂಗಗಳುಂಟು. ಹದಿನೈದು ನಿಮಿಷಗಳ ಕಾಲ ಬಳಕೆಯಿಲ್ಲದ ಸಂಪರ್ಕವನ್ನು ವಿಂಡೋಸ್ ಸರ್ವರು ತಾನಾಗಿ ಕಡಿದುಹಾಕುವುದು ವಾಡಿಕೆ. ಗುರುತು ಕೆಂಪಾಗಿ ತೋರಿದರೂ ಅದರ ಮೇಲೆ ಒತ್ತಿದೊಡನೆ ಫೋಲ್ಡರು ತೆರೆಯುವುದು. ಬೆಳಗ್ಗೆ ಕಂಪ್ಯೂಟರನ್ನು ಆರಂಭಿಸಿದಾಗ ವೈಫೈ ಸಿದ್ಧವಾಗುವ ಮೊದಲೇ ವಿಂಡೋಸು ಡ್ರೈವುಗಳನ್ನು ಜೋಡಿಸಲು ಯತ್ನಿಸಿ ವಿಫಲವಾಗುವುದೂ ಇದೇ ಬಗೆಯದು. ಇಂತಹ ಪ್ರಸಂಗಗಳಲ್ಲಿ ಒಂದು ನಿಮಿಷ ತಡೆದು ಮತ್ತೆ ಒತ್ತಿ ನೋಡುವುದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಿಲ್ಲ.

ವಿದ್ಯುತ್ತು ನಿಂತು ಬಂದ ಮೇಲೆ ಎಲ್ಲರ ಡ್ರೈವೂ ಒಟ್ಟಿಗೆ ಕೆಟ್ಟರೆ ಸರ್ವರಿನ ಸಂಖ್ಯಾವಿಳಾಸವು ಬದಲಾಗಿದೆಯೆಂದು ಶಂಕಿಸಬೇಕು. ಯಂತ್ರಗಳಿಗೆ ಸಂಖ್ಯೆಗಳನ್ನು ಹಂಚುವುದು ರೂಟರಿನ ಕಾರ್ಯ. ಅದು ಹೊಸದಾಗಿ ಆರಂಭವಾದಾಗ ನಿನ್ನೆಯ ಸಂಖ್ಯೆಯನ್ನೇ ಇಂದೂ ಕೊಡುವುದೆಂಬ ನಿಯಮವಿಲ್ಲ. ಡ್ರೈವುಗಳನ್ನು ಹೆಸರಿನ ಬದಲು ಸಂಖ್ಯೆಯಿಂದ ಜೋಡಿಸಿದ್ದರೆ ಎಲ್ಲವೂ ದಾರಿ ತಪ್ಪುವುವು. ಸರ್ವರಿಗೆ ಒಂದು ಸಂಖ್ಯೆಯನ್ನು ಶಾಶ್ವತವಾಗಿ ಕಾದಿರಿಸುವಂತೆ ರೂಟರಿನಲ್ಲಿ ಏರ್ಪಡಿಸುವುದೇ ಇದಕ್ಕೆ ಪರಿಹಾರ. ರೂಟರನ್ನೇ ಬದಲಿಸಿದಾಗ ಮತ್ತೊಂದು ತೊಡಕು ಒದಗಬಹುದು. ವಿಂಡೋಸು ಅದನ್ನು ಅಪರಿಚಿತ ಜಾಲವೆಂದು ತಿಳಿದು 'ಸಾರ್ವಜನಿಕ' ವರ್ಗಕ್ಕೆ ಸೇರಿಸಿ, ಹಂಚಿಕೆಯ ಬಾಗಿಲನ್ನು ಮುಚ್ಚಿಬಿಡುತ್ತದೆ. ಅದನ್ನು 'ಖಾಸಗಿ' ವರ್ಗಕ್ಕೆ ಬದಲಿಸಬೇಕು.

ಗುರುತಿನ ದೋಷಗಳಲ್ಲಿ ಮೂರು ಮುಖ್ಯವಾದುವು. ಸರ್ವರಿನಲ್ಲಿ ಪಾಸ್‌ವರ್ಡನ್ನು ಬದಲಿಸಿದ ಮೇಲೂ ನಮ್ಮ ಕಂಪ್ಯೂಟರು ಹಳೆಯದನ್ನೇ ನೆನಪಿಟ್ಟು ಕಳುಹಿಸುತ್ತಿರುವುದು ಮೊದಲನೆಯದು. ಕ್ರೆಡೆನ್ಷಿಯಲ್ ಮ್ಯಾನೇಜರ್ ಎಂಬಲ್ಲಿ ಹಳೆಯದನ್ನು ಅಳಿಸಬೇಕು. ತಮ್ಮ ಕಂಪ್ಯೂಟರನ್ನು ತೆರೆಯಲು ಬಳಸುವ ನಾಲ್ಕಂಕೆಯ ಪಿನ್ ಸಂಖ್ಯೆಯನ್ನೇ ಸರ್ವರಿಗೂ ಕೊಡುವುದು ಎರಡನೆಯದು. ಪಿನ್ ಎಂಬುದು ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲತಕ್ಕದ್ದು, ಜಾಲದಲ್ಲಿ ಪಾಸ್‌ವರ್ಡೇ ಬೇಕು. ಒಂದೇ ಸರ್ವರಿಗೆ ಒಂದೇ ವೇಳೆಯಲ್ಲಿ ಎರಡು ಹೆಸರುಗಳಿಂದ ಹೋಗಲು ಯತ್ನಿಸುವುದು ಮೂರನೆಯದು. ಮೊದಲು ಅತಿಥಿಯಾಗಿ ಒಂದು ಫೋಲ್ಡರನ್ನು ತೆರೆದು, ಬಳಿಕ ಸ್ವಂತ ಹೆಸರಿನಿಂದ ಇನ್ನೊಂದನ್ನು ತೆರೆಯಹೊರಟರೆ ವಿಂಡೋಸು ಒಪ್ಪದು. ೧೨೧೯ ಎಂಬ ಸಂಖ್ಯೆಯ ಅರ್ಥ ಇದೇ. ಆ ಸರ್ವರಿನೊಡನಿರುವ ಎಲ್ಲ ಸಂಪರ್ಕಗಳನ್ನೂ ಕಳಚಿ, ಒಂದೇ ಹೆಸರಿನಿಂದ ಪುನಃ ಜೋಡಿಸಬೇಕು.

ಅಧಿಕಾರದ ವಿಷಯದಲ್ಲಿ ಎರಡು ಪದರಗಳಿರುವುದನ್ನು ನೆನಪಿಡಬೇಕು. ಹಂಚಿಕೆಗೆ ಸಂಬಂಧಿಸಿದ ಅಧಿಕಾರ ಬೇರೆ, ಡಿಸ್ಕಿನ ಮೇಲಿನ ಫೋಲ್ಡರಿನ ಅಧಿಕಾರ ಬೇರೆ. ಇವೆರಡರಲ್ಲಿ ಯಾವುದು ಹೆಚ್ಚು ಕಟ್ಟುನಿಟ್ಟೋ ಜಾಲದ ಮೂಲಕ ಬಂದವರಿಗೆ ಅದೇ ಸಲ್ಲುವುದು. ಒಂದರಲ್ಲಿ ಪೂರ್ಣಾಧಿಕಾರವನ್ನು ಕೊಟ್ಟು ಇನ್ನೊಂದನ್ನು ಮರೆತವರು ತಾವು ಅನುಮತಿ ಕೊಟ್ಟಿದ್ದರೂ ಫೈಲನ್ನು ತಿದ್ದಲಾಗದೆಂದು ಅಚ್ಚರಿಪಡುವುದುಂಟು.

ಅಕ್ಷರವು ಕಂಪ್ಯೂಟರಿಗೆ ಸೇರಿದುದಲ್ಲ, ಅದನ್ನು ತೆರೆದು ಕುಳಿತ ವ್ಯಕ್ತಿಗೆ ಸೇರಿದುದು ಎಂಬುದೂ ಗಮನಾರ್ಹ. ಒಂದೇ ಯಂತ್ರವನ್ನು ಇಬ್ಬರು ತಮ್ಮ ತಮ್ಮ ಹೆಸರಿನಿಂದ ಬಳಸುತ್ತಿದ್ದರೆ ಒಬ್ಬರು ಜೋಡಿಸಿದ ಡ್ರೈವು ಮತ್ತೊಬ್ಬರಿಗೆ ಕಾಣದು. ಒಂದು ತಂತ್ರಾಂಶವನ್ನು ನಿರ್ವಾಹಕಾಧಿಕಾರದಿಂದ ತೆರೆದಾಗಲೂ ಸಾಮಾನ್ಯವಾಗಿ ಹೀಗೆಯೇ ಆಗುವುದು. ಅಲ್ಲಿ ಅಕ್ಷರದ ಬದಲು ಪೂರ್ಣ ವಿಳಾಸವನ್ನು ಕೊಟ್ಟರೆ ಕೆಲಸ ಸಾಗುವುದು.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರು ತಿಳಿದಿರಬೇಕಾದ ವಿಷಯ ಇನ್ನೊಂದಿದೆ. ವಿಂಡೋಸಿನ ಅನೇಕ ತಂತ್ರಾಂಶಗಳಲ್ಲಿ ಒಂದು ಫೈಲಿನ ಪೂರ್ಣ ವಿಳಾಸವು, ಅದನ್ನೊಳಗೊಂಡ ಎಲ್ಲ ಫೋಲ್ಡರುಗಳ ಹೆಸರುಗಳೂ ಸೇರಿ, ೨೬೦ ವರ್ಣಗಳ ಮಿತಿಯನ್ನು ಮೀರಕೂಡದು. ಕಣ್ಣಿಗೆ ಎರಡೇ ಅಕ್ಷರಗಳಾಗಿ ತೋರುವ 'ಕ್ಷೇತ್ರ' ಎಂಬ ಪದವು ಯೂನಿಕೋಡಿನ ಲೆಕ್ಕದಲ್ಲಿ ಏಳು ವರ್ಣಗಳಾಗುತ್ತದೆ. ಒತ್ತಕ್ಷರ ಸ್ವರಚಿಹ್ನೆಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುವುವು. ಜಿಲ್ಲೆ, ತಾಲ್ಲೂಕು, ಗ್ರಾಮ, ದೇವಾಲಯ ಎಂದು ಫೋಲ್ಡರಿನೊಳಗೆ ಫೋಲ್ಡರನ್ನಿಟ್ಟು ದೀರ್ಘನಾಮಗಳನ್ನು ಕೊಟ್ಟಲ್ಲಿ, ಸಂಪರ್ಕವೆಲ್ಲ ಸರಿಯಿದ್ದರೂ ಕೆಲವು ಫೈಲುಗಳು ಮಾತ್ರ ತೆರೆಯದೆ ಮೊಂಡು ಹಿಡಿಯುವುದಕ್ಕೆ ಇದು ಕಾರಣವಿರಬಹುದು. ಹೆಸರುಗಳನ್ನು ಮೊಟಕು ಮಾಡುವುದೇ ಲೇಸು.

೫. ಹಳೆಯ ಭಾಷೆ, ಹೊಸ ಕಂಪ್ಯೂಟರು

ಎರಡು ಕಂಪ್ಯೂಟರುಗಳು ಫೈಲುಗಳನ್ನು ಹಂಚಿಕೊಳ್ಳಲು ಎಸ್‌ಎಂಬಿ ಎಂಬ ಸಂವಹನನಿಯಮವನ್ನು ಬಳಸುತ್ತವೆ. ಐಬಿಎಂ ಸಂಸ್ಥೆಯ ಬ್ಯಾರಿ ಫೈಗನ್‌ಬಾಮ್ ಎಂಬವರು ೧೯೮೦ರ ದಶಕದ ಮೊದಲ ಭಾಗದಲ್ಲಿ ಇದಕ್ಕೆ ತಳಹದಿ ಹಾಕಿದರು. ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಬೆಳೆಸಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆ್ಯಂಡ್ರೂ ಟ್ರಿಜೆಲ್ ಎಂಬವರು ೧೯೯೧-೯೨ರಲ್ಲಿ ಆರಂಭಿಸಿದ ಸಾಂಬಾ ಎಂಬ ತಂತ್ರಾಂಶದಿಂದ ವಿಂಡೋಸಲ್ಲದ ಯಂತ್ರಗಳೂ ಈ ಭಾಷೆಯನ್ನು ಆಡುವಂತಾಯಿತು. ಇಂದು ಸಣ್ಣ ಕಚೇರಿಗಳಲ್ಲಿರುವ ಪ್ರತ್ಯೇಕ ಡಿಸ್ಕುಪೆಟ್ಟಿಗೆಗಳಲ್ಲಿ ಬಹುಪಾಲು ಸಾಂಬಾದ ಆಶ್ರಯದಲ್ಲಿಯೇ ನಡೆಯುವುವು.

ಈ ನಿಯಮದ ಎರಡನೆಯ ಆವೃತ್ತಿಯು ೨೦೦೬ರಲ್ಲಿ ವಿಂಡೋಸ್ ವಿಸ್ತಾದೊಡನೆಯೂ, ಮೂರನೆಯದು ೨೦೧೨ರಲ್ಲಿ ವಿಂಡೋಸ್ ೮ರೊಡನೆಯೂ ಬಂದುವು. ಮೊದಲ ಆವೃತ್ತಿಯಲ್ಲಿದ್ದ ಒಂದು ಬಿರುಕಿನ ಮೂಲಕವೇ ೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಜಗತ್ತಿನ ನಾನಾ ದೇಶಗಳಿಗೆ ಹರಡಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಆ ಬಿರುಕಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ತೇಪೆಯು ಮಾರ್ಚ್ ತಿಂಗಳಲ್ಲಿಯೇ ಹೊರಬಂದಿದ್ದಿತು; ಅದನ್ನು ಹಾಕಿಕೊಳ್ಳದಿದ್ದ ಯಂತ್ರಗಳು ಬಲಿಯಾದುವು. ಅದೇ ವರ್ಷದ ಅಕ್ಟೋಬರಿನಿಂದ ವಿಂಡೋಸ್ ೧೦ನ್ನು ಹೊಸದಾಗಿ ಸ್ಥಾಪಿಸಿದಾಗ ಮೊದಲ ಆವೃತ್ತಿಯನ್ನು ಸಾಮಾನ್ಯವಾಗಿ ಸೇರಿಸದಿರುವ ಪದ್ಧತಿ ಬಂದಿತು. ೨೦೨೪ರಲ್ಲಿ ಹೊರಬಂದ ವಿಂಡೋಸ್ ೧೧ರ ೨೪ಎಚ್೨ ಆವೃತ್ತಿಯು ಇನ್ನೂ ಬಿಗಿಯಾಗಿ, ಪಾಸ್‌ವರ್ಡಿಲ್ಲದ ಅತಿಥಿಪ್ರವೇಶವನ್ನು ವೃತ್ತಿಪರ ಹಾಗೂ ಶೈಕ್ಷಣಿಕ ಮಾದರಿಗಳಲ್ಲಿ ಪೂರ್ವನಿಯೋಜಿತವಾಗಿಯೇ ನಿರಾಕರಿಸುತ್ತದೆ.

ಹೊಸ ಕಂಪ್ಯೂಟರನ್ನು ಕೊಂಡೊಡನೆ ಹಳೆಯ ಡಿಸ್ಕುಪೆಟ್ಟಿಗೆಯು ತೆರೆಯದೆ ಹೋಗುವುದರ ರಹಸ್ಯ ಇದು. ಎರಡೂ ಸುಸ್ಥಿತಿಯಲ್ಲಿವೆ, ಒಂದರ ಭಾಷೆಯನ್ನು ಇನ್ನೊಂದು ಆಡಲೊಲ್ಲದು. ಹಳೆಯ ಆವೃತ್ತಿಯನ್ನು ಮತ್ತೆ ಚಾಲನೆಗೆ ತರುವ ಸುಲಭೋಪಾಯವನ್ನು ಕೆಲವರು ಸೂಚಿಸುವರು. ಅದು ಕಳ್ಳನಿಗೆ ಗೊತ್ತಿರುವ ಬಾಗಿಲನ್ನು ಮತ್ತೆ ತೆರೆದಿಡುವ ಕಾರ್ಯ. ಪೆಟ್ಟಿಗೆಯ ತಂತ್ರಾಂಶವನ್ನು ಹೊಸದಾಗಿಸಿ, ಪ್ರತಿಯೊಬ್ಬರಿಗೂ ಹೆಸರು ಮತ್ತು ಪಾಸ್‌ವರ್ಡುಗಳನ್ನು ಕೊಡುವುದೇ ಯುಕ್ತವಾದ ಮಾರ್ಗ. ಅದು ಸಾಧ್ಯವಿಲ್ಲದಷ್ಟು ಹಳೆಯದಾಗಿದ್ದರೆ ಅದರಲ್ಲಿರುವುದನ್ನೆಲ್ಲ ಹೊಸ ಭಂಡಾರಕ್ಕೆ ಸಾಗಿಸಬೇಕು.

೬. ಸಂಪರ್ಕ ತಪ್ಪಿದಾಗ ಮಾಡಬಾರದ ಕಾರ್ಯ

ಇಷ್ಟರವರೆಗೆ ಹೇಳಿದುದು ದೋಷದ ವಿಚಾರ. ಆದರೆ ದೋಷವು ಇರುವ ಅವಧಿಯಲ್ಲಿ ಜನರು ಏನು ಮಾಡುವರೆಂಬುದು ಅದಕ್ಕಿಂತ ಮುಖ್ಯವಾದುದು. ನಮ್ಮ ವಿಭಾಗದಲ್ಲಿಯೇ ನಡೆದ ಪ್ರಸಂಗವೊಂದನ್ನು ನಿದರ್ಶನವಾಗಿ ಹೇಳಬಹುದು.

ಒಂದು ಮಳೆಗಾಲದಲ್ಲಿ ವಿದ್ಯುತ್ತು ನಿಂತು ಬಂದ ಬಳಿಕ ಎಲ್ಲರ ಡ್ರೈವುಗಳೂ ತಪ್ಪಿಹೋದುವು. ಮೇಲೆ ಹೇಳಿದಂತೆ ಸರ್ವರಿನ ಸಂಖ್ಯೆ ಬದಲಾಗಿದ್ದುದೇ ಕಾರಣ. ಹತ್ತು ನಿಮಿಷಗಳಲ್ಲಿ ಸರಿಪಡಿಸಬಹುದಾಗಿದ್ದ ದೋಷ ಅದು. ನಮಗೆ ಆಗ ಅದು ತಿಳಿಯದಿದ್ದುದರಿಂದ ಮೂರು ದಿನಗಳು ಕಳೆದುವು. ಆ ಮೂರು ದಿನ ಕೆಲಸವೇನೂ ನಿಲ್ಲಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ ಇದ್ದ ಹಳೆಯ ಪ್ರತಿಯ ಮೇಲೆ ಕೆಲಸವನ್ನು ಮುಂದುವರಿಸಿದರು. ಶಾಸನಗಳ ಪಾಠಗಳಿದ್ದ ಒಂದು ಫೈಲು ಹೀಗೆ ಮೂರು ಫೈಲುಗಳಾಯಿತು. ಹಿರಿಯ ಅಧ್ಯಾಪಕರೊಬ್ಬರು ಪಡಿಯಚ್ಚನ್ನು ಮತ್ತೆ ಪರಿಶೀಲಿಸಿ, ಒಂದು ಶಾಸನದ ಶಕವರ್ಷದ ಅಂಕೆಯೊಂದನ್ನು ತಮ್ಮ ಪ್ರತಿಯಲ್ಲಿ ತಿದ್ದಿದ್ದರು. ಸಂಪರ್ಕವು ಸರಿಹೋದಂದು ಮತ್ತೊಬ್ಬರು ತಮ್ಮ ಪ್ರತಿಯನ್ನು ಭಂಡಾರಕ್ಕೆ ಹಾಕಿದರು. ಅದೇ ಹೆಸರಿನ ಫೈಲಾದ್ದರಿಂದ ತಿದ್ದಿದ ಪ್ರತಿಯು ಅದರಡಿಯಲ್ಲಿ ಅಳಿಸಿಹೋಯಿತು. ಆ ಹಳೆಯ ಅಂಕೆಯನ್ನೇ ನಂಬಿ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರೌಢಪ್ರಬಂಧದ ಒಂದು ಅಧ್ಯಾಯವನ್ನೇ ಬರೆದಳು. ತಪ್ಪು ತಿಳಿದುಬಂದುದು ಪ್ರಬಂಧವನ್ನು ಒಪ್ಪಿಸುವುದಕ್ಕೆ ಒಂದು ವಾರವಿರುವಾಗ. ಅಧ್ಯಾಯವನ್ನು ಆಕೆ ಪುನಃ ಬರೆಯಬೇಕಾಯಿತು. ತಪ್ಪು ಆಕೆಯದಲ್ಲ, ನಮ್ಮದು.

ಲಿಪಿಕಾರರ ಕೈಯಲ್ಲಿ ಪ್ರತಿಯಿಂದ ಪ್ರತಿಗೆ ಪಾಠಾಂತರಗಳು ಹೇಗೆ ಹುಟ್ಟುವುವೆಂಬುದನ್ನು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ನೂರಾರು ವರ್ಷಗಳಲ್ಲಿ ಹಸ್ತಪ್ರತಿಗಳಿಗೆ ಒದಗಿದ ಗತಿಯನ್ನು ನಾವೇ ಮೂರು ದಿನಗಳಲ್ಲಿ ತಂದುಕೊಂಡೆವು. ಹಳೆಯ ಹಸ್ತಪ್ರತಿಗಳಲ್ಲಾದರೆ ಪಾಠಾಂತರವು ಎಲ್ಲೋ ಒಂದು ಕಡೆ ಉಳಿದಿರಬಹುದು. ಇಲ್ಲಿ ಅದೂ ಉಳಿಯಲಿಲ್ಲ.

ಅಂದಿನಿಂದ ನಮ್ಮಲ್ಲಿ ಕೆಲವು ನಿಯಮಗಳನ್ನು ಪಾಲಿಸುತ್ತಿದ್ದೇವೆ. ಸರ್ವರಿನ ಹೆಸರು, ಅದರ ಕಾದಿರಿಸಿದ ಸಂಖ್ಯೆ, ಪ್ರತಿಯೊಂದು ಫೋಲ್ಡರಿನ ಪೂರ್ಣ ವಿಳಾಸ ಇವುಗಳನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಲಾಗಿದೆ. ಪಾಸ್‌ವರ್ಡುಗಳನ್ನು ಮಾತ್ರ ಅಲ್ಲಿ ಬರೆದಿಲ್ಲ. ಡ್ರೈವು ತಪ್ಪಿದ ದಿನ ಭಂಡಾರದ ಫೈಲುಗಳನ್ನು ಯಾರೂ ತಮ್ಮಲ್ಲಿರುವ ಪ್ರತಿಯಲ್ಲಿ ತಿದ್ದಕೂಡದು. ಅನಿವಾರ್ಯವಾದರೆ ತಿದ್ದಿದವರ ಹೆಸರನ್ನೂ ದಿನಾಂಕವನ್ನೂ ಫೈಲಿನ ಹೆಸರಿಗೇ ಸೇರಿಸಿ, ಬಳಿಕ ಇಬ್ಬರು ಕುಳಿತು ಹೋಲಿಸಿ ಒಂದು ಮಾಡತಕ್ಕದ್ದು. ವಾರಕ್ಕೊಮ್ಮೆ ಇಡೀ ಭಂಡಾರದ ಪ್ರತಿಯೊಂದನ್ನು ಬೇರೊಂದು ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಕಳಚಿ ಕಪಾಟಿನಲ್ಲಿಡುವೆವು. ವಾನಾಕ್ರೈಯಂತಹ ತಂತ್ರಾಂಶವು ಜೋಡಿಸಿಕೊಂಡಿರುವ ಎಲ್ಲ ಡ್ರೈವುಗಳಿಗೂ ಬೀಗ ಹಾಕಬಲ್ಲುದಾದ್ದರಿಂದ, ಸದಾ ಜೋಡಿಸಿಯೇ ಇರುವ ಡಿಸ್ಕು ರಕ್ಷಣೆಯಾಗಲಾರದು.

ಮೇಲಿನ ವಿವೇಚನೆಯಿಂದ ತಿಳಿಯಬರುವುದಿಷ್ಟು. ಡ್ರೈವಿನ ಅಕ್ಷರವು ದಾರಿಯ ಹೆಸರು. ದಾರಿ ತಪ್ಪಿದಾಗ ವಸ್ತು ನಾಶವಾಯಿತೆಂದು ಭಾವಿಸಕೂಡದು. ಒಬ್ಬರಿಗೋ ಎಲ್ಲರಿಗೋ ಎಂಬ ಪ್ರಶ್ನೆಯಿಂದ ತೊಡಗಿ ಒಂದೊಂದೇ ಕೊಂಡಿಯನ್ನು ಪರೀಕ್ಷಿಸಿದರೆ ಬಹುಮಟ್ಟಿನ ದೋಷಗಳು ಅಲ್ಪಕಾಲದಲ್ಲಿಯೇ ಸಿಕ್ಕುವುವು. ಕಾರಣವು ಸಿಕ್ಕುವವರೆಗೆ ಮೂಲಪ್ರತಿಯನ್ನು ಒಂದಾಗಿಯೇ ಉಳಿಸಿಕೊಳ್ಳುವ ತಾಳ್ಮೆಯೊಂದು ನಮ್ಮಲ್ಲಿರಬೇಕು. ಆಧಾರಗಳನ್ನು ಕಾಪಾಡಿ ಮುಂದಿನವರಿಗೆ ಒಪ್ಪಿಸುವುದೇ ನಮ್ಮ ವಿಭಾಗಗಳ ಕರ್ತವ್ಯವಾಗಿರುವಾಗ, ಆ ಆಧಾರಗಳು ಕಲ್ಲಿನ ಮೇಲಿದ್ದರೂ ಡಿಸ್ಕಿನ ಮೇಲಿದ್ದರೂ ಕರ್ತವ್ಯವು ಒಂದೇ ಆಗಿದೆ.